ಸೈಕಲ್ಲಿನ ತೊಗಲು ಸೀಟು

ಸೈಕಲ್ಲನ್ನು ಕೊಳ್ಳುವಾಗ ನಾವು ಚಕ್ರವನ್ನು ತಿರುಗಿಸಿ ನೋಡುತ್ತೇವೆ, ಬ್ರೇಕನ್ನು ಹಿಡಿದು ನೋಡುತ್ತೇವೆ, ಗಂಟೆಯನ್ನೂ ಬಾರಿಸುತ್ತೇವೆ. ಸೀಟನ್ನು ಮಾತ್ರ ಹೆಬ್ಬೆರಳಿನಿಂದ ಒಮ್ಮೆ ಒತ್ತಿ, ಮೆತ್ತಗಿದ್ದರೆ ಒಳ್ಳೆಯದೆಂದು ತೀರ್ಮಾನಿಸಿಬಿಡುತ್ತೇವೆ. ಈ ತೀರ್ಮಾನ ಎಷ್ಟು ಸರಿಯೆಂಬುದು ಹದಿನೈದು ಕಿಲೋಮೀಟರು ತುಳಿದ ಬಳಿಕ ತಿಳಿಯುತ್ತದೆ.

ಗಟ್ಟಿ ಬೆಂಚಿನ ಮೇಲೆ ಅಂಗೈಗಳನ್ನಿಟ್ಟು ಅವುಗಳ ಮೇಲೆ ಕುಳಿತರೆ ಸೊಂಟದೆಲುಬಿನ ಕೆಳಭಾಗದ ಎರಡು ಉಬ್ಬುಗಳು ಕೈಗೆ ತಗಲುತ್ತವೆ. ಭಾರವನ್ನು ಹೊರಬೇಕಾದುವು ಇವೇ. ಇವೆರಡರ ನಡುವಣ ಮೃದುಭಾಗದಲ್ಲಿ ನರಗಳೂ ರಕ್ತನಾಳಗಳೂ ಹಾಯ್ದುಹೋಗುವುದರಿಂದ ಅಲ್ಲಿ ಭಾರ ಬಿದ್ದರೆ ಜೋಮು ಹಿಡಿಯುತ್ತದೆ.

ಸವಾರನ ಭಾರದಲ್ಲಿ ೪೦ ಕಿಲೋಗ್ರಾಂ ಸೀಟಿನ ಮೇಲೆ ಬೀಳುವುದೆಂದು ಇಟ್ಟುಕೊಳ್ಳೋಣ. ಅದು ೨೦ ಚದರ ಸೆಂಟಿಮೀಟರಿನಲ್ಲಿ ನಿಂತರೆ ಪ್ರತಿ ಚದರ ಸೆಂಟಿಮೀಟರಿಗೆ ೨ ಕಿಲೋಗ್ರಾಂ ಆಯಿತು. ೮೦ ಚದರ ಸೆಂಟಿಮೀಟರಿಗೆ ಹಂಚಿದರೆ ಅರ್ಧ ಕಿಲೋಗ್ರಾಂ ಮಾತ್ರ. ಹಾಗಾದರೆ ಮೆತ್ತೆಯೇ ಉತ್ತಮವಲ್ಲವೆ ಎಂದು ವಾಚಕರು ಕೇಳಬಹುದು. ಅತಿ ಮೆತ್ತನೆಯ ದಿಂಬಿನಲ್ಲಿ ಎಲುಬುಗಳು ಹೂತುಹೋಗಿ, ನಡುವಿನ ದಿಂಬು ಮೇಲಕ್ಕೊತ್ತುತ್ತದೆ; ಭಾರವು ಬೀಳಬಾರದ ಕಡೆಗೇ ಹಂಚಿಕೆಯಾಗುತ್ತದೆ!

ತೊಗಲು ಸೀಟಿನ ಬಗೆಯೇ ಬೇರೆ. ಅದರಲ್ಲಿ ದಿಂಬಿಲ್ಲ. ಸುಮಾರು ೫ ಮಿಲಿಮೀಟರು ದಪ್ಪದ ತೊಗಲನ್ನು ಮುಂದಣ ಮೂತಿಗೂ ಹಿಂದಣ ಉಕ್ಕಿನ ಪಟ್ಟಿಗೂ ರಿವೆಟ್ಟು ಹೊಡೆದು ಜೋಲಿಯಂತೆ ಬಿಗಿದಿರುತ್ತಾರೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ತೊಗಲಿನ ಉದ್ಯಮ ನಡೆಸುತ್ತಿದ್ದ ಜಾನ್ ಬೌಲ್ಟ್‌ಬೀ ಬ್ರೂಕ್ಸ್ ೧೮೮೨ರಲ್ಲಿ ಇಂಥ ಸೀಟಿಗೆ ಪೇಟೆಂಟು ಪಡೆದನು. ಬೆವರಿನ ತೇವ, ಮೈಯ ಬಿಸಿ, ಭಾರ ಇವುಗಳಿಂದ ತೊಗಲಿನ ನಾರುಗಳು ಮೆಲ್ಲಮೆಲ್ಲನೆ ಸರಿದು, ಎಲುಬುಗಳಿರುವೆಡೆ ಎರಡು ಸಣ್ಣ ತಗ್ಗುಗಳಾಗುತ್ತವೆ. ಇದಕ್ಕೆ ಕೆಲವು ನೂರು ಕಿಲೋಮೀಟರುಗಳ ಸವಾರಿ ಬೇಕು.

ಆದರೆ ಅಗಲ ತಪ್ಪಿದ್ದರೆ ಎಷ್ಟು ಸವಾರಿ ಮಾಡಿದರೂ ಫಲವಿಲ್ಲ. ಎಲುಬುಗಳು ತೂಗುವ ತೊಗಲಿನ ಮೇಲೆ ಕೂರಬೇಕೇ ಹೊರತು ಉಕ್ಕಿನ ಪಟ್ಟಿಯ ಮೇಲಲ್ಲ. ಪದರಪದರವಾದ ರಟ್ಟಿನ ತುಂಡನ್ನು ಬೆಂಚಿನ ಮೇಲಿಟ್ಟು, ಸವಾರಿಯ ಭಂಗಿಯಲ್ಲಿ ಬಾಗಿ, ಕಾಲುಗಳನ್ನೆತ್ತಿ ಕುಳಿತು ಏಳಿರಿ. ಮೂಡಿದ ಎರಡು ಕುಳಿಗಳ ನಡುವಿನ ದೂರ ೧೨ ಸೆಂಟಿಮೀಟರಿದ್ದರೆ, ಪಟ್ಟಿಗೆ ಎಡೆಬಿಟ್ಟು, ೧೬-೧೭ ಸೆಂಟಿಮೀಟರು ಅಗಲದ ಸೀಟನ್ನು ಆರಿಸಬಹುದು. ನೆಟ್ಟಗೆ ಕುಳಿತು ತುಳಿಯುವವರಿಗೆ ಇನ್ನೂ ಅಗಲವಾದ, ಸ್ಪ್ರಿಂಗಿನ ಸೀಟು ಲೇಸು. ಹೆಚ್ಚು ಭಾರ ಹಿಂದಕ್ಕೆ ಬೀಳುವುದಲ್ಲದೆ, ಹಳ್ಳದಿಣ್ಣೆಗಳ ಕುಲುಕಾಟವೂ ನೇರವಾಗಿ ಬೆನ್ನೆಲುಬಿಗೇ ಏರುತ್ತದೆ. ಹೆಂಗಸರಲ್ಲಿ ಈ ಉಬ್ಬುಗಳ ನಡುವಿನ ಅಂತರ ಸಾಮಾನ್ಯವಾಗಿ ಹೆಚ್ಚು. ಆದುದರಿಂದ ಅಣ್ಣನ ಸೀಟು ತಂಗಿಗೆ ಹೊಂದುವುದೆಂಬ ಭರವಸೆಯಿಲ್ಲ.

ಮೊದಲ ವಾರಗಳ ನೋವಿಗೆ ಹೆದರಬೇಕಾಗಿಲ್ಲ. ಜೋಮು ಹಿಡಿದರೆ ಮಾತ್ರ ಸಹಿಸಬಾರದು. ಸೀಟಿನ ಎತ್ತರವನ್ನೂ ಓರೆಯನ್ನೂ ಸರಿಪಡಿಸಿ, ಆಗಲೂ ನಿಲ್ಲದಿದ್ದರೆ ಸೀಟನ್ನೇ ಬದಲಾಯಿಸಬೇಕು. ಬೇಗ ಪಳಗಲೆಂದು ವಿದ್ಯಾರ್ಥಿದೆಸೆಯಲ್ಲಿ ನಾವು ಹೊಸ ಸೀಟಿಗೆ ಹರಳೆಣ್ಣೆಯನ್ನು ಧಾರಾಳವಾಗಿ ಕುಡಿಸಿದೆವು. ಅದು ತಿಂಗಳೊಳಗೆ ಹಳೆಯ ಜೋಳಿಗೆಯಂತೆ ಜೋತುಬಿದ್ದಿತು. ಮಳೆಯಲ್ಲಿ ನೆನೆದ ಸೀಟಿನ ಮೇಲೆ ಕುಳಿತರೂ ಇದೇ ಗತಿ. ನೆರಳಿನಲ್ಲಿ ಒಣಗಿಸಿದ ನಂತರವೇ ಏರಬೇಕು. ಸ್ವಲ್ಪ ಸಡಿಲವಾದರೆ ಮೂತಿಯ ಕೆಳಗಿರುವ ನಟ್ಟನ್ನು ಒಮ್ಮೆಗೆ ಕಾಲು ಸುತ್ತಿನಷ್ಟು ಬಿಗಿದರೆ ಸಾಕು.