ಎಡವಿದ ಬೆರಳಿನ ಎರಡು ನೋವುಗಳು

ಹೊಸ್ತಿಲನ್ನು ಎಡವಿ ಕಾಲ್ಬೆರಳನ್ನು ನೋಯಿಸಿಕೊಳ್ಳದವರು ನಮ್ಮಲ್ಲಿ ಯಾರಿದ್ದಾರೆ? ಎಡವಿದೊಡನೆ ಚುರುಕಾದ ನೋವೊಂದು ಮಿಂಚಿನಂತೆ ಹಾಯುತ್ತದೆ. ‘ಅಯ್ಯೋ’ ಎಂದು ನಾವು ಕಾಲನ್ನು ಹಿಡಿದುಕೊಳ್ಳುವಷ್ಟರಲ್ಲಿ, ಅಂದರೆ ಸುಮಾರು ಒಂದು ಸೆಕೆಂಡಿನ ತರುವಾಯ, ಇನ್ನೊಂದು ನೋವು ಬರುತ್ತದೆ. ಇದು ಮೊದಲಿನಂತಹುದಲ್ಲ, ಉರಿಯುವ, ಬೇಗನೆ ಬಿಟ್ಟುಹೋಗದ ನೋವು. ಪೆಟ್ಟು ಒಂದೇ ಆಗಿರುವಾಗ ನೋವು ಎರಡಾದುದು ಹೇಗೆ?

ಚರ್ಮದಿಂದ ಸುದ್ದಿಯನ್ನು ಒಯ್ಯುವ ನರತಂತುಗಳೆಲ್ಲವೂ ಒಂದೇ ಬಗೆಯವಲ್ಲ. ಕೆಲವಕ್ಕೆ ಕೊಬ್ಬಿನಿಂದ ಕೂಡಿದ ತೆಳುವಾದ ಹೊದಿಕೆಯುಂಟು. ಅವುಗಳಲ್ಲಿ ನೋವಿನ ಸುದ್ದಿಯು ಸೆಕೆಂಡಿಗೆ 5ರಿಂದ 30 ಮೀಟರುಗಳಷ್ಟು ಓಡುತ್ತದೆ. ಹೊದಿಕೆಯಿಲ್ಲದ ಅತಿ ಸಣ್ಣ ತಂತುಗಳಲ್ಲಿಯಾದರೋ ಅದು ಸುಮಾರು ಒಂದು ಮೀಟರು ಮಾತ್ರ. ಮೆಲ್ಲನೆ ನಡೆಯುವವನ ವೇಗ! ಕಾಲ್ಬೆರಳಿನಿಂದ ಬೆನ್ನುಹುರಿಗೆ ಹೆಚ್ಚುಕಡಿಮೆ ಒಂದು ಮೀಟರು ದೂರ. ಲೆಕ್ಕವನ್ನು ವಾಚಕರೇ ಮಾಡಿಕೊಳ್ಳಬಹುದು. ನರದೊಳಗಿನ ವೇಗವನ್ನು ಎಂದಿಗೂ ಅಳೆಯಲಾಗದೆಂದು ಜರ್ಮನಿಯ ಯೋಹಾನೆಸ್ ಮ್ಯುಲ್ಲರನು ನಂಬಿದ್ದನು. 1850ರಲ್ಲಿ ಕಪ್ಪೆಯ ನರವೊಂದರಲ್ಲಿ ಅದನ್ನು ಅಳೆದು, ಸೆಕೆಂಡಿಗೆ 30 ಮೀಟರಿನ ಆಸುಪಾಸೆಂದು ತೋರಿಸಿದವನು ಅವನ ಶಿಷ್ಯನಾದ ಹೆಲ್ಮ್‌ಹೋಲ್ಟ್ಸನೇ.

ಇಷ್ಟು ತಡವಾಗಿ ಬರುವ ಸುದ್ದಿಯನ್ನು ನೆಚ್ಚಿಕೊಂಡರೆ ಕಾಲು ಉಳಿದೀತೆ? ಮುಳ್ಳನ್ನು ತುಳಿದಾಗ ಕಾಲು ಮಿದುಳಿನ ಅಪ್ಪಣೆಗೆ ಕಾಯುವುದಿಲ್ಲ. ವೇಗದ ತಂತುಗಳ ಸುದ್ದಿ ತಲುಪಿದೊಡನೆ ಬೆನ್ನುಹುರಿಯೇ ಸ್ನಾಯುಗಳಿಗೆ ಆಜ್ಞೆಯನ್ನು ಕಳುಹಿಸುತ್ತದೆ. ನೋವಿನ ಅರಿವು ನಮಗೆ ಆಮೇಲೆ. ನಿಧಾನವಾಗಿ ಬರುವ ಎರಡನೆಯ ನೋವು, ಗಾಯವಾದ ಅಂಗವನ್ನು ದುಡಿಸದಂತೆ ನಮ್ಮನ್ನು ತಡೆಯುತ್ತದೆ.

ನೋವೇ ಇಲ್ಲದಿದ್ದರೆ ಎಷ್ಟು ಸುಖವೆಂದು ನಾವು ಬಯಸುವುದುಂಟು. ಕುಷ್ಠರೋಗದ ಸೂಕ್ಷ್ಮಜೀವಿಗಳು ನರಗಳನ್ನು ಹೊಕ್ಕು ಈ ಬಯಕೆಯನ್ನು ಈಡೇರಿಸಿಬಿಡುತ್ತವೆ. ಆ ರೋಗಿಗಳ ಬೆರಳುಗಳು ರೋಗದಿಂದಲೇ ಕೊಳೆತು ಉದುರುತ್ತವೆಂಬುದು ಹಿಂದಿನ ನಂಬಿಕೆ. 1946ರಲ್ಲಿ ವೆಲ್ಲೂರಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರಾಂಡರು ಇದನ್ನು ಒಪ್ಪಲಿಲ್ಲ. ತಾವು ತೆರೆಯಲಾರದ ತುಕ್ಕು ಹಿಡಿದ ಬೀಗವನ್ನು ಬಡಕಲು ಹುಡುಗನೊಬ್ಬ ತೆರೆದುದನ್ನು ಅವರು ಬರೆದಿದ್ದಾರೆ. ಅವನ ಬೆರಳನ್ನು ನೋಡಲು, ಬೀಗದ ಕೈಯ ಒತ್ತಿಗೆ ಅದು ಮೂಳೆಯವರೆಗೆ ಕೊಯ್ದುಹೋಗಿದ್ದಿತು. ಹುಡುಗನಿಗೆ ಅದರ ಅರಿವೇ ಇರಲಿಲ್ಲ! ಬೆರಳುಗಳನ್ನು ತಿನ್ನುತ್ತಿದ್ದುದು ಇಂತಹ ದಿನನಿತ್ಯದ ಗಾಯಗಳು, ಸುಟ್ಟ ಬೊಬ್ಬೆಗಳು ಮತ್ತು ಅವುಗಳಲ್ಲಿ ಸೇರುವ ನಂಜು.

ಇಂದು ಔಷಧಿಗಳಿಂದ ಈ ರೋಗ ಗುಣವಾಗುತ್ತದೆ. ಆದರೆ ಬಹುಕಾಲ ಸತ್ತಿದ್ದ ಸ್ಪರ್ಶಜ್ಞಾನ ಮರಳುವುದು ಅಪರೂಪ. ಆದುದರಿಂದ ನರಗಳ ಕೆಲಸವನ್ನು ಕಣ್ಣುಗಳೇ ಮಾಡಬೇಕಾಗುತ್ತದೆ. ದಿನವೂ ಅಂಗಾಲುಗಳನ್ನು ಕನ್ನಡಿ ಹಿಡಿದು ಪರೀಕ್ಷಿಸಿಕೊಳ್ಳಬೇಕೆಂದು ವೈದ್ಯರು ಅವರಿಗೆ ಕಲಿಸುತ್ತಾರೆ. ಮಧುಮೇಹದಿಂದ ಕಾಲು ಜೋಮುಗಟ್ಟಿದ ನಮ್ಮ ಮನೆಯ ಹಿರಿಯರಿಗೂ ಇದೇ ಪಾಠ.