ಪ್ರಸವಪೂರ್ವ ಪರೀಕ್ಷೆಗಳು: ಗರ್ಭಿಣಿಯರು ತಿಳಿದಿರಬೇಕಾದ ಅಂಶಗಳು

ಗರ್ಭಸ್ಥ ಶಿಶುವಿನ ಆರೋಗ್ಯ ತಿಳಿಯಲು ರಕ್ತಪರೀಕ್ಷೆ, ಸ್ಕ್ಯಾನಿಂಗ್ ಹಾಗೂ ಗರ್ಭಜಲ ಪರೀಕ್ಷೆಗಳನ್ನು ನಡೆಸಲಾಗುತ್ತದೆ. ಇವುಗಳಿಗೆ ಒಳಪಡುವ ಮುನ್ನ ಗರ್ಭಿಣಿಯರು ಮತ್ತು ಕುಟುಂಬದವರು ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು.

ಪರೀಕ್ಷೆಯ ಮಿತಿ
ರಕ್ತಪರೀಕ್ಷೆ ಮತ್ತು 11ರಿಂದ 14ನೇ ವಾರದ ನಡುವಿನ ಸ್ಕ್ಯಾನಿಂಗ್, ಡೌನ್ ಸಿಂಡ್ರೋಮ್‌ನಂತಹ ತೊಂದರೆಯ ಸಾಧ್ಯತೆಯನ್ನಷ್ಟೇ ಸೂಚಿಸುತ್ತವೆ. ಅದನ್ನು ಖಚಿತಪಡಿಸಲು ಸೂಜಿಯಿಂದ ಗರ್ಭಜಲ ತೆಗೆದು ಪರೀಕ್ಷಿಸಬೇಕಾಗುತ್ತದೆ. ಇದರಿಂದ ಗರ್ಭಪಾತವಾಗುವ ಅಪಾಯ ಅಲ್ಪವಾದರೂ ಇದೆ. ಆದುದರಿಂದ ಮೊದಲ ವರದಿಯೊಂದನ್ನೇ ಆಧರಿಸಿ ತೀರ್ಮಾನ ಕೈಗೊಳ್ಳುವುದು ಸರಿಯಲ್ಲ.

ಗರ್ಭಿಣಿಯ ಒಪ್ಪಿಗೆ
ಗರ್ಭಧಾರಣಪೂರ್ವ ಮತ್ತು ಪ್ರಸವಪೂರ್ವ ರೋಗಪತ್ತೆ ತಂತ್ರಗಳ (ಲಿಂಗ ಆಯ್ಕೆ ನಿಷೇಧ) ಅಧಿನಿಯಮ, 1994ರ ಪ್ರಕಾರ ಇಂತಹ ಪರೀಕ್ಷೆಯನ್ನು ನಿರ್ದಿಷ್ಟ ವೈದ್ಯಕೀಯ ಕಾರಣಗಳಿಗೆ ಮಾತ್ರ ನಡೆಸಬಹುದು. ವೈದ್ಯರು ಅಡ್ಡಪರಿಣಾಮಗಳನ್ನು ವಿವರಿಸಿ, ಗರ್ಭಿಣಿಗೆ ಅರ್ಥವಾಗುವ ಭಾಷೆಯಲ್ಲಿ ಲಿಖಿತ ಒಪ್ಪಿಗೆ ಪಡೆದು, ಅದರ ಪ್ರತಿಯನ್ನು ಆಕೆಗೆ ನೀಡತಕ್ಕದ್ದು. ಪತಿ ಅಥವಾ ಹಿರಿಯರ ಸಹಿ ಆಕೆಯ ಒಪ್ಪಿಗೆಗೆ ಪರ್ಯಾಯವಲ್ಲ. ಪರೀಕ್ಷೆ ಬೇಡವೆನ್ನುವ ಹಕ್ಕೂ ಆಕೆಗಿದೆ. ಓದದೆ ಅಥವಾ ಓದಿಸಿ ಕೇಳದೆ ಸಹಿ ಮಾಡಬೇಡಿ.

ಲಿಂಗಪತ್ತೆ ಅಪರಾಧ
ಭ್ರೂಣದ ಲಿಂಗವನ್ನು ಮಾತಿನಿಂದಾಗಲಿ, ಸಂಜ್ಞೆಯಿಂದಾಗಲಿ ತಿಳಿಸುವುದು ನಿಷಿದ್ಧ. ಮೊದಲ ಅಪರಾಧಕ್ಕೆ ವೈದ್ಯರಿಗೆ 3 ವರ್ಷಗಳವರೆಗೆ ಸೆರೆವಾಸ ಹಾಗೂ 10,000 ರೂ.ವರೆಗೆ ದಂಡ, ಲಿಂಗಪತ್ತೆ ಬಯಸಿದವರಿಗೆ 3 ವರ್ಷಗಳವರೆಗೆ ಸೆರೆವಾಸ ಹಾಗೂ 50,000 ರೂ.ವರೆಗೆ ದಂಡ ವಿಧಿಸಬಹುದು. ಬಲವಂತಕ್ಕೆ ಒಳಗಾದ ಗರ್ಭಿಣಿಗೆ ಶಿಕ್ಷೆಯಿಲ್ಲ. ಬಲವಂತಪಡಿಸಿದವರು ಪತಿ ಅಥವಾ ಸಂಬಂಧಿಕರೆಂದೇ, ಬೇರೆ ರೀತಿ ರುಜುವಾತಾಗುವವರೆಗೆ, ನ್ಯಾಯಾಲಯವು ಭಾವಿಸುತ್ತದೆ.

ನ್ಯೂನತೆ ಕಂಡುಬಂದಲ್ಲಿ
ಇದು ಕುಟುಂಬಕ್ಕೆ ಅತ್ಯಂತ ಕಠಿಣವಾದ ಸಂದರ್ಭ. ನ್ಯೂನತೆಯ ಸ್ವರೂಪ, ಲಭ್ಯ ಚಿಕಿತ್ಸೆ ಹಾಗೂ ಮಗುವಿನ ಮುಂದಿನ ಬದುಕಿನ ಕುರಿತು ವೈದ್ಯರಿಂದ ಪೂರ್ಣ ಮಾಹಿತಿ ಪಡೆಯಿರಿ. ಅನೇಕ ನ್ಯೂನತೆಗಳಿಗೆ ಜನನಾನಂತರ ಚಿಕಿತ್ಸೆಯಿದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ನಡೆಯುತ್ತದೆ. ಅಂಗವಿಕಲ ಮಗುವೂ ಘನತೆಯಿಂದ ಬಾಳುವ ಹಕ್ಕುಳ್ಳದ್ದು ಎಂಬುದನ್ನು ಮರೆಯಬಾರದು.

ಗರ್ಭ ಮುಂದುವರಿಸಲು ಇಚ್ಛಿಸದಿದ್ದಲ್ಲಿ, 2021ರಲ್ಲಿ ತಿದ್ದುಪಡಿಯಾದ ವೈದ್ಯಕೀಯ ಗರ್ಭಸಮಾಪ್ತಿ ಅಧಿನಿಯಮದಂತೆ 20 ವಾರಗಳವರೆಗೆ ಒಬ್ಬ ವೈದ್ಯರ ಹಾಗೂ ನಿಗದಿತ ವರ್ಗದವರಿಗೆ 24 ವಾರಗಳವರೆಗೆ ಇಬ್ಬರು ವೈದ್ಯರ ಅಭಿಪ್ರಾಯ ಅಗತ್ಯ. ತದನಂತರ ಭ್ರೂಣದಲ್ಲಿ ಗಂಭೀರ ನ್ಯೂನತೆಯಿದ್ದಲ್ಲಿ ವೈದ್ಯಕೀಯ ಮಂಡಳಿಯು ಪರಿಶೀಲಿಸುತ್ತದೆ. 18 ವರ್ಷ ತುಂಬಿದ ಮಹಿಳೆಯ ಸ್ವಂತ ಒಪ್ಪಿಗೆ ಸಾಕು. ಪತಿಯ ಒಪ್ಪಿಗೆ ಕಡ್ಡಾಯವಲ್ಲ.

ಪರೀಕ್ಷೆಯು ಮಾಹಿತಿ ನೀಡುತ್ತದೆಯೇ ಹೊರತು ತೀರ್ಪು ನೀಡುವುದಿಲ್ಲ. ತೀರ್ಮಾನವು ಗರ್ಭಿಣಿಯದೇ ಆಗಿರಲಿ. ಲಿಂಗಪತ್ತೆಯ ಬಗ್ಗೆ ಮಾಹಿತಿಯಿದ್ದಲ್ಲಿ ಜಿಲ್ಲೆಯ ಸಕ್ಷಮ ಪ್ರಾಧಿಕಾರಕ್ಕೆ ಲಿಖಿತ ದೂರು ಸಲ್ಲಿಸಬಹುದು.