ಅಂಗಡಿಯ ಬೀಗ, ಅಂಗಡಿಯ ಹುಡುಗ

ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಈ ಗಾದೆಯನ್ನು ಆಡದ ಅಂಗಡಿಕಾರನಿಲ್ಲ. ಆದರೆ ಕಳವಾಗುವ ಮುನ್ನವೇ ದಿಡ್ಡಿಯ ಕಡೆ ಕಣ್ಣು ಹಾಯಿಸಿದವರು ಕಡಿಮೆ. ಮುಂಬಯಿಯಲ್ಲಿ ನೆಲೆಸಿದ ನಮ್ಮವರಲ್ಲಿ ಹೋಟೆಲು, ಕಿರಾಣಿ, ಜೆರಾಕ್ಸು ಮೊದಲಾದ ಚಿಕ್ಕ ವ್ಯಾಪಾರಗಳನ್ನೇ ನಂಬಿದ ಸಂಸಾರಗಳು ಬಹಳ. ದೊಡ್ಡ ಮಳಿಗೆಗೆ ಕನ್ನ ಬಿದ್ದರೆ ಅದು ಲೆಕ್ಕದ ಪುಸ್ತಕದ ನಷ್ಟ. ಚಿಕ್ಕ ಅಂಗಡಿಗೆ ಬಿದ್ದರೆ ಮಗಳ ಕಾಲೇಜಿನ ಶುಲ್ಕ, ಊರಿನ ಸಾಲದ ಕಂತು ಹೋದಂತೆ.

ಹೋಗುವುದು ಹಣವೊಂದೇ ಅಲ್ಲ. ಕೆಲವು ವರ್ಷಗಳ ಹಿಂದೆ ನಮಗೆ ಪರಿಚಯದ ಕಿರಾಣಿ ಅಂಗಡಿಯೊಂದರಲ್ಲಿ ರಾತ್ರಿ ಕಳವಾಯಿತು. ಬೀಗ ಮುರಿದಿರಲಿಲ್ಲ, ಶಟರು ಬಗ್ಗಿರಲಿಲ್ಲ. ಊರಿನಿಂದ ಬಂದು ಮೂರು ವರ್ಷ ದುಡಿದ ಹುಡುಗನ ಬಳಿ ಒಂದು ಕೀಲಿಕೈ ಇತ್ತು. ಎಲ್ಲರ ದೃಷ್ಟಿಯೂ ಅವನ ಮೇಲೆಯೇ ಬಿತ್ತು. ನಾವೂ ಹಾಗೆಯೇ ತಿಳಿದೆವು. ನಾಲ್ಕು ದಿನ ಕಳೆದ ಮೇಲೆ ಹಿಂಗೋಡೆಯಲ್ಲಿ ಫ್ಯಾನು ಕೂರಿಸಿದ ಕಿಂಡಿಯ ಸರಳುಗಳು ಸಡಿಲವಾಗಿರುವುದು ಕಂಡಿತು. ಅಷ್ಟರಲ್ಲಿ ಹುಡುಗ ಊರಿನ ಬಸ್ಸು ಹತ್ತಿಯಾಗಿತ್ತು. ಹೋದ ಹಣ ವರ್ಷದಲ್ಲಿ ಕೂಡಿತು. ಹುಡುಗ ಮಾತ್ರ ಕರೆದರೂ ಮರಳಲಿಲ್ಲ.

ಆದುದರಿಂದ ಮೊದಲ ಕೆಲಸ ಕಳ್ಳನ ಕಣ್ಣಿನಿಂದ ನಮ್ಮ ಅಂಗಡಿಯನ್ನು ನಾವೇ ನೋಡುವುದು. ಬಾಗಿಲು ಹಾಕಿದ ಮೇಲೆ ಒಮ್ಮೆ ಸುತ್ತು ಹಾಕಿರಿ. ಶಟರಿಗೆ ಎರಡು ತುದಿಗಳಲ್ಲಿ ಮಾತ್ರ ಬೀಗವಿದ್ದರೆ ನಡುಭಾಗವನ್ನು ಹಾರೆಯಿಂದ ಮೀಟಿ ಎತ್ತಿ, ಒಬ್ಬ ನುಸುಳುವಷ್ಟು ಸಂದು ಮಾಡುವುದು ಕಷ್ಟವಲ್ಲ. ನಡುವೆ ಸೆಂಟ್ರಲ್ ಲಾಕು ಕೂರಿಸಿದರೆ ಈ ದಾರಿ ಬಹುಮಟ್ಟಿಗೆ ಮುಚ್ಚುತ್ತದೆ. ಬೀಗವೆಷ್ಟೇ ಗಟ್ಟಿಯಾಗಿದ್ದರೂ ಚಿಲಕದ ಪಟ್ಟಿ ತೆಳುವಾಗಿದ್ದರೆ ಪ್ರಯೋಜನವಿಲ್ಲ. ಫ್ಯಾನಿನ ಕಿಂಡಿ, ಹಿಂಬಾಗಿಲು, ಸಿಮೆಂಟು ಶೀಟಿನ ಮಾಡು, ಇವುಗಳಿಗೆ ಒಳಗಡೆಯಿಂದ ಕಬ್ಬಿಣದ ಜಾಲರಿ ಬೇಕು. ಪಕ್ಕದ ಗೋಡೆಯನ್ನೂ ಮರೆಯಬಾರದು. ೨೦೧೭ರ ನವೆಂಬರಿನಲ್ಲಿ ನವಿ ಮುಂಬಯಿಯ ಜುಯಿನಗರದಲ್ಲಿ ಕಳ್ಳರು ಬ್ಯಾಂಕೊಂದರ ಸಮೀಪ ಅಂಗಡಿಯನ್ನೇ ಬಾಡಿಗೆಗೆ ಹಿಡಿದು, ಅಲ್ಲಿಂದ ಸುರಂಗ ತೋಡಿ ಲಾಕರುಗಳನ್ನು ಒಡೆದದ್ದು ಅನೇಕರಿಗೆ ನೆನಪಿದ್ದೀತು.

ಎರಡನೆಯದು ಬೆಳಕು. ಕತ್ತಲೆ ಕಳ್ಳನ ನಂಟ. ಅಂಗಡಿಯ ಮುಂದೊಂದು, ಹಿಂದೊಂದು ಚಿಕ್ಕ ಎಲ್.ಇ.ಡಿ. ದೀಪ ರಾತ್ರಿಯೆಲ್ಲ ಉರಿದರೂ ತಿಂಗಳ ಖರ್ಚು ಅಲ್ಪವೇ. ಗಾಜಿನ ಬಾಗಿಲಿದ್ದರೆ ಅದರ ತುಂಬ ಜಾಹೀರಾತು ಅಂಟಿಸಬೇಡಿರಿ. ಗಸ್ತಿನವರಿಗೆ ಒಳಗೆ ಕಾಣುವಂತಿರಲಿ.

ಮೂರನೆಯದು ಗಲ್ಲಾಪೆಟ್ಟಿಗೆ. ರಾತ್ರಿ ಅದನ್ನು ಬರಿದು ಮಾಡಿ, ತೆರೆದೇ ಇಟ್ಟು ಹೋಗುವುದು ಹಳೆಯ ಅಂಗಡಿಕಾರರ ಜಾಣ್ಮೆ. ಒಳಗೇನೂ ಇಲ್ಲವೆಂದು ಹೊರಗಿನಿಂದಲೇ ತಿಳಿದರೆ ಮುರಿಯುವ ಶ್ರಮವೇಕೆ? ಬ್ಯಾಂಕಿಗೆ ಹಣ ಒಯ್ಯುವ ಹೊತ್ತನ್ನೂ ದಾರಿಯನ್ನೂ ಆಗಾಗ ಬದಲಿಸಿರಿ. ೨೦೧೬ರಲ್ಲಿ ಯು.ಪಿ.ಐ. ಬಂದ ಮೇಲೆ ಗಲ್ಲಾ ಹಗುರವಾಗಿದೆ; ಕಳ್ಳನೂ ಹೊಸ ವಿದ್ಯೆ ಕಲಿತಿದ್ದಾನೆ. ೨೦೨೫ರ ಜನವರಿಯಲ್ಲಿ ಮಧ್ಯಪ್ರದೇಶದ ಖಜುರಾಹೊದಲ್ಲಿ ಹಲವು ಅಂಗಡಿಗಳ ಕ್ಯೂ.ಆರ್. ಚೀಟಿಗಳ ಮೇಲೆ ರಾತ್ರೋರಾತ್ರಿ ಬೇರೆ ಚೀಟಿ ಅಂಟಿಸಿದ್ದರು. ಗಿರಾಕಿ ಕೊಟ್ಟ ಹಣ ಕಳ್ಳನ ಖಾತೆ ಸೇರಿತು. ಬೆಳಿಗ್ಗೆ ದೀಪ ಹಚ್ಚಿದೊಡನೆ ಆ ಚೀಟಿಯನ್ನೊಮ್ಮೆ ಪರೀಕ್ಷಿಸಿರಿ. ಗಿರಾಕಿ ತೋರಿಸುವ ಮೊಬೈಲಿನ ಚಿತ್ರವನ್ನು ನಂಬದೆ, ನಿಮ್ಮ ಪೆಟ್ಟಿಗೆ ಕೂಗಿ ಹೇಳುವ ಮೊತ್ತವನ್ನು ನಂಬಿರಿ.

ಕ್ಯಾಮರಾ ಇದ್ದವರು ಅದನ್ನು ತೀರ ಎತ್ತರದಲ್ಲಿ ಕಟ್ಟಿದರೆ ಕಾಣುವುದು ಕಳ್ಳನ ನೆತ್ತಿ ಮಾತ್ರ. ಬಾಗಿಲಲ್ಲಿ ಮುಖ ಕಾಣುವಂತೆ ಒಂದಾದರೂ ಇರಲಿ. ಚಿತ್ರ ಕೂಡಿಡುವ ಪೆಟ್ಟಿಗೆಯನ್ನು ಗಲ್ಲಾದ ಕೆಳಗಿಟ್ಟರೆ ಕಳ್ಳ ಅದನ್ನೂ ಹೊತ್ತೊಯ್ಯುವನು. ಬೇರೆ ಕಡೆ ಮರೆಮಾಡಿರಿ.

ಎಲ್ಲಕ್ಕಿಂತ ಅಗ್ಗದ ಕಾವಲು ನೆರೆಹೊರೆ. ಸಾಲಿನ ಹತ್ತು ಅಂಗಡಿಯವರು ಪರಸ್ಪರ ಫೋನು ನಂಬರು ಬರೆದುಕೊಂಡು, ಕೂಡಿ ಒಬ್ಬ ಕಾವಲುಗಾರನನ್ನು ಇಟ್ಟರೆ ಒಬ್ಬೊಬ್ಬರ ಪಾಲಿಗೆ ಬರುವುದು ಸ್ವಲ್ಪವೇ.

ಇಷ್ಟಾದರೂ ಕಳವಾದರೆ ಏನನ್ನೂ ಮುಟ್ಟದೆ ೧೧೨ಕ್ಕೆ ಫೋನು ಮಾಡಿರಿ. ಕಳವಿನ ವಿಮೆಯವರು ಸಾಮಾನ್ಯವಾಗಿ ಬಲವಂತದಿಂದ ಒಳನುಗ್ಗಿದ ಗುರುತನ್ನು ಕೇಳುತ್ತಾರೆ; ಗುಡಿಸಿ ಒಪ್ಪಮಾಡಿದರೆ ಸಾಕ್ಷ್ಯವೇ ಹೋದಂತೆ. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಮಿಂಚಂಚೆಯಂಥ ವಿದ್ಯುನ್ಮಾನ ಮಾರ್ಗದಲ್ಲಿ ಕೊಟ್ಟರೆ ಮೂರು ದಿನದೊಳಗೆ ಸಹಿ ಹಾಕಬೇಕು. ದಾಖಲೆಯ ಪ್ರತಿ ಉಚಿತ.

ಕಡೆಯ ಮಾತು ಕೆಲಸದವರ ವಿಷಯ. ಸೇರಿಸಿಕೊಳ್ಳುವಾಗ ಗುರುತುಪತ್ರ ನೋಡಿ, ಪೊಲೀಸರಿಗೆ ವಿವರ ಕೊಡುವುದು ತಪ್ಪಲ್ಲ. ಕೀಲಿಕೈ ಯಾರು ಯಾವಾಗ ಪಡೆದರೆಂದು ಬರೆದಿಡಿರಿ. ದಿನದ ಹಣವನ್ನು ಇಬ್ಬರ ಎದುರಿಗೆ ಎಣಿಸಿ ಸಹಿ ಮಾಡಿಸಿರಿ. ಇದು ಅಪನಂಬಿಕೆಯೆಂದು ಕೆಲವರು ಸಂಕೋಚಪಡುತ್ತಾರೆ. ನಾವು ಹಾಗೆಣಿಸುವುದಿಲ್ಲ. ಆ ಕಿರಾಣಿ ಅಂಗಡಿಯಲ್ಲಿ ಅಂಥದೊಂದು ಪುಸ್ತಕವಿದ್ದು, ಆ ರಾತ್ರಿ ಕೀಲಿಕೈ ಯಜಮಾನರ ಮನೆಯಲ್ಲಿತ್ತೆಂದು ಅದರಲ್ಲಿ ಬರೆದಿದ್ದರೆ, ಒಬ್ಬ ಬಡಹುಡುಗ ತಲೆ ತಗ್ಗಿಸಿಕೊಂಡು ಊರಿಗೆ ಹೋಗಬೇಕಾಗುತ್ತಿರಲಿಲ್ಲ. ಒಳ್ಳೆಯ ಬೀಗ ಸೊತ್ತನ್ನು ಕಾಯುತ್ತದೆ. ಒಳ್ಳೆಯ ಲೆಕ್ಕ ನಂಬಿದವರ ಮಾನವನ್ನೂ ಕಾಯುತ್ತದೆ.